ಇಟ್ಟಿಗೆ ಭಟ್ಟಿ ದಾಟಬೇಡ

ನವೆಂಬರ್ 24

ಕಡ್ಡಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಪತ್ರ ಶುರು ಮಾಡಬೇಕೆಂದು ಮೂರನೇ ತರಗತಿಯ ಮೇಷ್ಟ್ರು ಹೇಳಿಕೊಟ್ಟಿದ್ದರು. ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕ್ಷೇಮವಿಲ್ಲದಾಗ ಹೇಗೆ ಶುರು ಮಾಡಬೇಕೆಂದು ನಾಲ್ಕನೇ ತರಗತಿಯಲ್ಲಿ ಹೇಳಿಕೊಡುತ್ತಿದ್ದರೋ ಏನೋ, ನಾನು ಅಲ್ಲಿಯ ತನಕ ಹೋಗಲಿಲ್ಲ.

ನಿನ್ನ ಪಾಲಿನ ನಲವತ್ತೆರಡು ಕುರಿ ಹೊಡೆದುಕೊಂಡು ನೀನು ಹೊರಟು ಇವತ್ತಿಗೆ ನಾಲ್ಕು ದಿನ. ಹೊರಡುವಾಗ ನೀನು ನನ್ನ ಮುಖ ನೋಡಲಿಲ್ಲ, ನಾನು ನಿನ್ನ ಮುಖ ನೋಡಲಿಲ್ಲ. ಅದು ಇರಲಿ. ಬೆಳಿಗ್ಗೆ ನಮ್ಮ ಅರ್ಧಕಿವಿ ಕುರಿ ಕುಂಟುತ್ತಿತ್ತು. ಗೊರಸು ಕೆತ್ತೋಣವೆಂದು ಅದನ್ನು ಕುಂಡೆಯ ಮೇಲೆ ಕೂರಿಸಿ ಕಾಲು ಹಿಡಿದೆ. ಕೆಚ್ಚಲು ಕಣ್ಣಿಗೆ ಬಿತ್ತು. ಕತ್ತಿ ಪಕ್ಕಕ್ಕಿಟ್ಟೆ. ಕೆಚ್ಚಲು ಕೆಂಪಗೆ ಉಬ್ಬಿ ಬಿಗಿದುಕೊಂಡಿದೆ, ತೊಟ್ಟು ಮೇಣ ಹಚ್ಚಿದ ಹಾಗೆ ಮಿನುಗುತ್ತಿದೆ. ಅರವತ್ತು ವರ್ಷ ಕುರಿಯ ಹಿಂದೆ ನಡೆದವಳು ನಾನು, ಕೊಬ್ಬು ಯಾವುದು ಹಾಲು ಯಾವುದು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಅದು ಗಬ್ಬವಾಗಿದೆ. ಇನ್ನು ಹತ್ತು ಹನ್ನೆರಡು ದಿನಕ್ಕೆ ಈಯುತ್ತದೆ.

ನಿನ್ನ ಚಿಕ್ಕಪ್ಪನನ್ನು ಕೂಗಿದೆ. ಇಬ್ಬರೂ ಸೇರಿ ಇಲ್ಲಿರುವ ಐವತ್ತು ಕುರಿಗಳ ಹೊಟ್ಟೆಯ ಕೆಳಗೂ ಕೈ ಹಾಕಿದೆವು. ಹನ್ನೊಂದು. ಮಾರ್ಚ್ ತಿಂಗಳಲ್ಲಿ ಹುಲ್ಲು ಚಿಗುರಿದ ಮೇಲೆ ಮರಿ ಹಾಕಬೇಕಾದವು, ಡಿಸೆಂಬರಿನ ಗಾಳಿಯಲ್ಲಿ ಹಾಕಲು ಕೂತಿವೆ. ಕುರಿಯ ಬಸಿರು ಐದು ತಿಂಗಳು. ಹಿಂದಕ್ಕೆ ಎಣಿಸಿದರೆ ಜುಲೈ. ಜುಲೈಯಲ್ಲಿ ನಿನ್ನವು ನಮ್ಮವು ಎಂದಿರಲಿಲ್ಲ, ಒಂದೇ ದೊಡ್ಡಿ, ಒಂದೇ ಟಗರು. ಇಲ್ಲಿ ಹನ್ನೊಂದಿದ್ದರೆ ಅಲ್ಲಿ ಇನ್ನೂ ಜಾಸ್ತಿ ಇರುತ್ತವೆ.

ಚಿಕ್ಕಪ್ಪ ಕೇಳಿದ, “ಟಗರಿನ ಹೊಟ್ಟೆಗೆ ಅಡ್ಡಬಟ್ಟೆ ಕಟ್ಟಿದ್ದು ಯಾರು? ಅವಳೇ ತಾನೆ? ಅಕ್ಟೋಬರ್ ತನಕ ಅದು ಕುರಿ ಮೇಲೆ ಹಾರಬಾರ್ದು ಅಂತ ಕಟ್ಟೋ ಬಟ್ಟೆ ಅದು, ಅಲಂಕಾರಕ್ಕಲ್ಲ. ಗಂಟು ಸಡಿಲ ಬಿಟ್ಟಿದ್ದಾಳೆ.” ನಾನೂ ಹಾಗೇ ಇರಬೇಕು ಎಂದೆ. ಗಂಟು ಕಟ್ಟಿದವಳು ನೀನೇ ಅಲ್ಲವೇ.

ಈಗ ಗಮನವಿಟ್ಟು ಓದು. ಸೇತುವೆಯ ಈಚೆ ಇರುವ ಇಟ್ಟಿಗೆ ಭಟ್ಟಿ ದಾಟಬೇಡ. ಆಚೆ ನಾಲ್ಕು ದಿನದ ಬಯಲು, ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. ಒದ್ದೆ ಮರಿ ಆ ಗಾಳಿಯಲ್ಲಿ ಕಾಲು ಗಂಟೆ ಬದುಕುವುದಿಲ್ಲ. ಭಟ್ಟಿಯಲ್ಲಿ ಇಟ್ಟಿಗೆ ಒಣಗಿಸುವ ಚಾವಣಿ ಇದೆ, ಕೇಳಿಕೋ. ಅಲ್ಲಿಯ ಯಜಮಾನಿಗೆ ಮಾತ್ರ ನೀನು ನನ್ನ ಮೊಮ್ಮಗಳು ಎಂದು ಹೇಳಬೇಡ. ಹಿಂದೊಮ್ಮೆ ನಮ್ಮ ಕುರಿಗಳು ಅವಳ ಹಸಿ ಇಟ್ಟಿಗೆಗಳ ಮೇಲೆ ನಡೆದಿದ್ದವು. ಸಾವಿರ ಇಟ್ಟಿಗೆ ಗೊರಸಿನ ಗುರುತು ಹೊತ್ತೇ ಬೆಂದವು. ನಾನು ಕ್ಷಮೆ ಕೇಳುವ ಬದಲು ಚಿತ್ತಾರ ಚೆನ್ನಾಗಿದೆ ಎಂದುಬಿಟ್ಟೆ.

ಹಾಲಿನ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಒಂದು ದಿನ ನಿನ್ನ ದಾರಿಯಲ್ಲಿ ಹೋಗಿ ಮರುದಿನ ಬರುತ್ತಾನೆ. ಲಕೋಟೆಗೆ ಎರಡು ಸಲ ಅಂಟು ಹಾಕಿದ್ದೇನೆ. ಅವನ ಬಾಯಿಗೂ ಹಾಕಬಹುದಾಗಿದ್ದರೆ ಹಾಕುತ್ತಿದ್ದೆ.

ನಿನ್ನನ್ನು ಸಾಕಿದವಳು,
ಅಜ್ಜಿ


ನವೆಂಬರ್ 27

ಅಜ್ಜಿ,

ಪತ್ರ ಸಿಕ್ಕಿತು. ಲಾರಿಯವನು ಹಾರ್ನ್ ಹೊಡೆದು ನನ್ನ ಕುರಿಗಳನ್ನೆಲ್ಲ ಗದ್ದೆಗೆ ಚೆದುರಿಸಿ, “ನಿಮ್ಮಜ್ಜಿ ಕೊಟ್ರು, ಅರ್ಜೆಂಟಂತೆ” ಎಂದು ಹಲ್ಲು ಕಿಸಿದ.

ಎರಡು ವರ್ಷದ ಹಿಂದೆ, ಮೆಷಿನ್ನಿನಲ್ಲಿ ಉಣ್ಣೆ ಕತ್ತರಿಸುವುದನ್ನು ಕಲಿಯಲು ನಾನು ಹೋಗಿದ್ದಾಗಲೂ ನಿನ್ನದೊಂದು ಅರ್ಜೆಂಟ್ ಪತ್ರ ಬಂದಿತ್ತು. ಕಾಲು ಮುರಿದಿದೆ, ಕಣ್ಣು ಮುಚ್ಚುವ ಮೊದಲು ಬಾ ಎಂದಿತ್ತು. ತರಬೇತಿ ಅರ್ಧಕ್ಕೆ ಬಿಟ್ಟು ಓಡಿ ಬಂದೆ. ನೀನು ಏಣಿ ಹತ್ತಿ ಮಾಡಿನ ಮೇಲೆ ಹಂಚು ಸರಿಮಾಡುತ್ತಿದ್ದೆ. “ಬೇಗ ಕೂಡಿಕೊಂಡ್ತು ಕಣೇ” ಎಂದೆ ಮೇಲಿನಿಂದಲೇ. ಆ ತರಬೇತಿಯನ್ನು ಮೊದಲಿನಿಂದ ಮುಗಿಸಲು ಈ ಜುಲೈಯಲ್ಲಿ ನಾನು ಮತ್ತೆ ಹದಿನೈದು ದಿನ ಹೋಗಬೇಕಾಯಿತು.

ಈಗ ಕಾಲಿಗೆ ಬದಲು ಕೆಚ್ಚಲು ಸಿಕ್ಕಿದೆ ನಿನಗೆ.

ನಾನು ಪಾಲು ಕೇಳಿದಂದಿನಿಂದ ನೀನು ಒಂದೊಂದು ನೆವ ತೆಗೆಯುತ್ತಲೇ ಇದ್ದೆ. ಗಬ್ಬದ ಕುರಿಯನ್ನು ಪಾಲು ಮಾಡಬಾರದು, ಒಳಗೆ ಒಂದಿದೆಯೋ ಎರಡಿದೆಯೋ ಯಾರಿಗೂ ಗೊತ್ತಿಲ್ಲ ಎಂಬ ತಾತನ ಕಟ್ಟಳೆಯನ್ನು ದಿನಕ್ಕೆ ಮೂರು ಸಲ ಓದಿದೆ. ಸರಿ ಎಂದು ಅಕ್ಟೋಬರಿನಲ್ಲಿ ಟಗರು ಬಿಡುವ ಮೊದಲೇ ಪಾಲಿನ ದಿನ ಇಟ್ಟೆವು. ಚಿಕ್ಕಪ್ಪ ಒಂದೊಂದೇ ಹೊಟ್ಟೆ ಮುಟ್ಟಿ ನೋಡಿ ಎಲ್ಲ ಖಾಲಿ ಎಂದ ಮೇಲೇ ದೊಡ್ಡಿಯ ನಡುವೆ ಗೆರೆ ಎಳೆದದ್ದು. ನೀನೂ ಮುಟ್ಟಿ ನೋಡಿದೆ, ಒಂದಲ್ಲ ಎರಡು ಸಲ. ಆಗ ಖಾಲಿ ಇದ್ದವು ಈಗ ತುಂಬಿದವೇ?

ಗಂಟಿನ ವಿಷಯ. ನಾನು ಕಟ್ಟಿದ ಗಂಟು ತಾನಾಗಿ ಬಿಚ್ಚುವುದಿಲ್ಲ. ಚಿಕ್ಕಪ್ಪನಿಗೂ ಗೊತ್ತು, ನಿನಗೂ ಗೊತ್ತು.

ಮುಂದಿನ ಪತ್ರದಲ್ಲಿ ಪಕ್ಕದವರ ಟಗರು ಬೇಲಿ ಹಾರಿ ಬಂದಿತ್ತು ಎಂದು ಬರೆಯುತ್ತೀಯ. ಬರೆಯುವುದಾದರೆ ಯಾವ ದಿನ ಹಾರಿತು, ತಾರೀಖು ಬರೆ. ತಾರೀಖು ಇಲ್ಲದ ಪತ್ರ ಬರೆದು ಲಾರಿಯವನ ಡೀಸೆಲ್ ಸುಡಬೇಡ.

ನನ್ನ ಕುರಿಗಳ ಹೊಟ್ಟೆಯಲ್ಲಿ ಹುಲ್ಲಿದೆ, ಮತ್ತೇನಿಲ್ಲ. ಎರಡು ಮೂರು ಹಿಂದೆ ಬೀಳುತ್ತಿವೆ, ಕಲ್ಲು ದಾರಿಗೆ ಕಾಲು ನೊಂದಿದೆ ಅಷ್ಟೇ. ಒಂದನೇ ತಾರೀಖು ಭಟ್ಟಿಯ ಹತ್ತಿರ ತಂಗುತ್ತೇನೆ, ಎರಡರ ಬೆಳಿಗ್ಗೆ ಸೇತುವೆ ದಾಟಿ ಬಯಲಿಗೆ ಇಳಿಯುತ್ತೇನೆ. ಆರರ ಸಂಜೆ ನಾನು ಗುತ್ತಿಗೆಗೆ ಹಿಡಿದ ಹುಲ್ಲುಗಾವಲಿನಲ್ಲಿರುತ್ತೇನೆ.

ಗಂಟು ಕಟ್ಟಲು ಬರುವವಳು,
ಕಡ್ಡಿ


ನವೆಂಬರ್ 28

ಕಡ್ಡಿ,

ಪಕ್ಕದವರ ಟಗರಿನ ವಿಷಯ ನಿಜವಾಗಿಯೂ ಬರೆಯಬೇಕೆಂದಿದ್ದೆ. ನೀನೇ ಬರೆದುಬಿಟ್ಟೆ. ನನ್ನ ಮಡಿಲಲ್ಲಿ ಬೆಳೆದದ್ದಕ್ಕೆ ಅಷ್ಟಾದರೂ ಕಲಿತೆಯಲ್ಲ.

ಆದರೂ ಬರೆಯುತ್ತೇನೆ. ಆ ಟಗರು ಬೇಲಿ ಹಾರುವುದು ಹೊಸದಲ್ಲ. ಜುಲೈಯಲ್ಲೂ ಹಾರಿರಬಹುದು. ನಾನು ನೋಡಿದೆ ಎಂದು ಹೇಳುತ್ತಿಲ್ಲ, ಹಾರಿರಬಹುದು ಎನ್ನುತ್ತಿದ್ದೇನೆ. ಪಕ್ಕದವಳನ್ನು ಕೇಳಲು ಹೋದೆ. “ಯಾಕಜ್ಜಿ, ನಮ್ ಟಗರಿಗೆ ಈಗ ಹೆಣ್ಣು ನೋಡ್ತಿದ್ದೀರಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅರ್ಧಕಿವಿ ಬೆಳಿಗ್ಗೆಯಿಂದ ಮೇವು ಮುಟ್ಟಿಲ್ಲ. ಮೂಲೆ ಹಿಡಿದು ನಿಂತಿದೆ. ಎಡ ಪಕ್ಕೆ ಕುಳಿ ಬಿದ್ದಿದೆ, ಈಯುವ ದಿನ ಹತ್ತಿರ. ಚಿಕ್ಕಪ್ಪ ಮರಿಗಳಿಗೆಂದು ಅಡುಗೆಮನೆಯ ಪಕ್ಕದ ಕೋಣೆ ಖಾಲಿ ಮಾಡುತ್ತಿದ್ದಾನೆ. ಮೂಟೆ ಎತ್ತುವಾಗಲೆಲ್ಲ ನಿನ್ನನ್ನು ಬೈಯುತ್ತಾನೆ. ಇಪ್ಪತ್ತಾರು ಮೂಟೆ ಇದ್ದವು.

ನಿನ್ನ ಕುರಿಗಳಲ್ಲಿ ಹಿಂದೆ ಬೀಳುತ್ತಿರುವವನ್ನು ಹಿಡಿದು ಕೆಚ್ಚಲು ನೋಡು. ನನ್ನ ಮಾತು ಕೇಳಬೇಡ, ಕಣ್ಣಿನ ಮಾತು ಕೇಳು. ಒಂದು ಕುರಿ ಮಗುಚಿ ನೋಡಲು ಎಷ್ಟು ಹೊತ್ತು ಬೇಕು? ಕೋಪಕ್ಕೆ ನೋಡದೆ ಹೋಗುತ್ತೀಯ, ಗೊತ್ತು ನನಗೆ. ನಾನು ನೋಡು ಎಂದದ್ದನ್ನು ನೀನು ಯಾವತ್ತು ನೋಡಿದ್ದೀಯ.

ತಾರೀಖು ಕೇಳಿದ್ದೀಯ.

ಲಾರಿ ಬಂತು. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಅಜ್ಜಿ


ನವೆಂಬರ್ 30, ಬೆಳಿಗ್ಗೆ

ಕಡ್ಡಿ,

ಜುಲೈ ಎಂಟು. ನೀನು ಕೇಳಿದ ತಾರೀಖು ಅದು. ಎಂಟರಿಂದ ಇಪ್ಪತ್ತೊಂದರ ತನಕ.

ಲಾರಿಯವನು ಅಂಗಳದಲ್ಲಿ ಕೂತಿದ್ದಾನೆ. ಮೊನ್ನೆ ಅವನು ನಿನಗೆ ನನ್ನ ಪತ್ರ ಕೊಟ್ಟಾಗ ನೀನು ಒಡೆದು ಕೂಡ ನೋಡದೆ ಚೀಲಕ್ಕೆ ತುರುಕಿದೆಯಂತೆ. “ಇನ್ನೆಷ್ಟು ಹೊತ್ತಜ್ಜಿ? ಹಾಲು ಒಡೆಯುತ್ತೆ” ಎನ್ನುತ್ತಿದ್ದಾನೆ. ಒಡೆಯಲಿ. ಈ ಪತ್ರವನ್ನಾದರೂ ನೀನು ಓದಬೇಕು. ಅದಕ್ಕೇ ತಾರೀಖನ್ನು ಮೊದಲ ಸಾಲಿನಲ್ಲಿ ಇಟ್ಟಿದ್ದೇನೆ, ಲಕೋಟೆಯ ಹೊರಗೂ ದಪ್ಪಗೆ ಬರೆದಿದ್ದೇನೆ.

ಅರ್ಧಕಿವಿ ಈಗ ತಾನೆ ಈದಿತು. ಎರಡು. ಒಂದು ಎದ್ದು ನಿಂತಿದೆ, ಇನ್ನೊಂದನ್ನು ಚಿಕ್ಕಪ್ಪ ಗೋಣಿಯಲ್ಲಿ ಉಜ್ಜುತ್ತಿದ್ದಾನೆ. ನಾನು ಕೈ ಕೂಡ ತೊಳೆಯದೆ ಬರೆಯಲು ಕೂತೆ, ಕಾಗದದ ಮೇಲಿನ ಕಲೆ ಅದೇ.

ನಿನ್ನ ಗಂಟು ಸಡಿಲವಾಗಿರಲಿಲ್ಲ. ಪಕ್ಕದವರ ಟಗರು ಬೇಲಿ ಹಾರಲಿಲ್ಲ. ನೀನು ತರಬೇತಿಗೆ ಹೊರಟ ದಿನ ಮಧ್ಯಾಹ್ನ, ಚಿಕ್ಕಪ್ಪ ಹುಲ್ಲು ಕೊಯ್ಯಲು ಹೋಗಿದ್ದಾಗ, ಟಗರಿನ ಬಟ್ಟೆ ಬಿಚ್ಚಿದವಳು ನಾನು. ಆ ಗಂಟು ಬಿಚ್ಚಲು ಹಲ್ಲು ಉಪಯೋಗಿಸಬೇಕಾಯಿತು, ಅಷ್ಟು ಬಿಗಿಯಾಗಿತ್ತು. ಬಟ್ಟೆಯನ್ನು ಒಂದು ದಾರದಲ್ಲಿ ಪಕ್ಕೆಗೆ ನೇತುಹಾಕಿದೆ, ದೂರದಿಂದ ನೋಡಿದವರಿಗೆ ಕಟ್ಟಿದ ಹಾಗೇ ಕಾಣಲಿ ಎಂದು. ನೀನು ಬರುವ ಹಿಂದಿನ ದಿನ ಮತ್ತೆ ಸರಿಯಾಗಿ ಕಟ್ಟಿದೆ. ನಿನ್ನ ಗಂಟಿನ ಹಾಗೆ ಕಟ್ಟಲು ಅರ್ಧ ದಿನ ಹಿಡಿಯಿತು.

ಯಾಕೆ ಎಂದು ನೀನು ಕೇಳುವುದಿಲ್ಲ, ಆಗಲೇ ಗೊತ್ತಾಗಿರುತ್ತದೆ. ಗಬ್ಬದ ಕುರಿಯನ್ನು ಪಾಲು ಮಾಡುವಂತಿಲ್ಲ. ಹತ್ತು ಕುರಿ ಗಬ್ಬ ಕಟ್ಟಿದರೂ ಸಾಕು, ಪಾಲು ವಸಂತಕ್ಕೆ ಹೋಗುತ್ತದೆ. ವಸಂತದಲ್ಲಿ ಇನ್ನೊಂದು ನೆವ ಹುಡುಕೋಣ ಎಂದುಕೊಂಡೆ. ಆ ತಿಂಗಳಲ್ಲಿ ಕುರಿ ಬೆದೆಗೆ ಬರುವುದೇ ಅಪರೂಪ. ಪಾಲಿನ ದಿನ ನಾನು ಎರಡೆರಡು ಸಲ ಹೊಟ್ಟೆ ಮುಟ್ಟಿ ನೋಡಿದ್ದು ಅದಕ್ಕೇ. ನನಗೂ ಖಾಲಿಯೇ ಕಂಡವು. ಎರಡೂವರೆ ತಿಂಗಳ ಗಬ್ಬ ಈ ಗಂಟುಬೆರಳಿಗೆ ಸಿಗಲಿಲ್ಲ. ಮಾಡಿದ ಕಳ್ಳತನ ಫಲಿಸಲಿಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಕೆಚ್ಚಲು ನೋಡಿದ ದಿನವೇ ಹೇಳಬೇಕಿತ್ತು. ಹೇಳುವ ಬದಲು ನಿನ್ನ ಗಂಟಿನ ಮೇಲೆ ಹಾಕಿದೆ.

ನಿನ್ನ ಅಪ್ಪ ಅಮ್ಮ ಒಂದೇ ಬಸ್ಸಿನ ಅಪಘಾತದಲ್ಲಿ ಹೋದ ಮೇಲೆ ಐದು ವರ್ಷದ ನಿನ್ನನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡೆ. ಇಪ್ಪತ್ತೆರಡು ವರ್ಷ ಆಯಿತು. ಇದು ಕಾರಣ ಅಲ್ಲ. ಕಾರಣ ಹೇಳುವ ಹೊತ್ತೂ ಅಲ್ಲ. ಹಾರ್ನ್ ಹೊಡೆಯುತ್ತಿದ್ದಾನೆ.

ಕೇಳು. ಮೊದಲನೆಯವು ಇವತ್ತಿನಿಂದ ಶುರು. ಮೂರನೇ ತಾರೀಖಿನಿಂದ ಹತ್ತರ ತನಕ ಜೋರು. ಕಡೆಯದು ಹದಿನೆಂಟಕ್ಕೋ ಇಪ್ಪತ್ತಕ್ಕೋ. ನೀನು ಬಯಲಿನಲ್ಲಿ ಕಳೆಯುವ ನಾಲ್ಕು ದಿನವೂ ಇದರೊಳಗೇ ಬೀಳುತ್ತವೆ. ಸೇತುವೆ ದಾಟಿದರೆ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಹುಟ್ಟಿದ ಮರಿಯ ಮೂಗು ಬಾಯಿ ಒರೆಸಿ ಅರ್ಧ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು, ಒಂದು ಗುಟುಕಾದರೂ. ಒಂದು ಕಾಲು ಮಾತ್ರ ಹೊರಗೆ ಬಂದರೆ ಎಳೆಯಬೇಡ, ಒಳಗೆ ತಳ್ಳಿ ಇನ್ನೊಂದು ಕಾಲು ಹುಡುಕು. ನಿನ್ನ ಕೈ ಸಣ್ಣದು, ಆಗುತ್ತದೆ.

ಇನ್ನು ಜೀವಮಾನದಲ್ಲಿ ನನ್ನ ಮುಖ ನೋಡದಿದ್ದರೂ ಸರಿ. ಕುರಿಯ ಕೆಚ್ಚಲು ನೋಡು.

ಅಜ್ಜಿ


ಡಿಸೆಂಬರ್ 3

ಕಡ್ಡಿ,

ಲಾರಿಯವನು ಈಗ ಬಂದ. ನಾನು ಬಾಗಿಲಲ್ಲೇ ಹಿಡಿದೆ.

“ಕೊಟ್ಟೆಯಾ?”

“ಕೊಟ್ಟೆ ಅಜ್ಜಿ. ಟೈರ್ ಪಂಕ್ಚರ್ ಆಗಿ ಎರಡು ದಿನ ತಡ ಆಯ್ತು. ನಿನ್ನೆ ಬೆಳಿಗ್ಗೆ ಕೊಟ್ಟೆ.”

“ಎಲ್ಲಿದ್ದಳು?”

“ಸೇತುವೆ ಮೇಲೆ.”

“ಈಚೆ ತುದಿಯೋ ಆಚೆ ತುದಿಯೋ?”

“ಸೇತುವೆ ಮೇಲೆ ಅಂದ್ರೆ ಮೇಲೆ ಅಜ್ಜಿ. ಮುಂದೆ ಕುರಿ, ಹಿಂದೆ ಕುರಿ, ನಡುವೆ ಅವ್ರು.”

“ಓದಿದಳಾ?”

“ನಿಂತು ಓದಿದ್ರು.”

“ಏನಂದಳು?”

“ಲಾರಿ ಹಿಂದಕ್ಕೆ ತೆಗಿ, ದಾರಿ ಬಿಡು ಅಂದ್ರು. ಬಿಟ್ಟೆ. ಹಾಲು ತಡ ಆಗಿತ್ತು, ಹೊರಟುಬಂದೆ.”

ದಾರಿ ಬಿಡು ಎಂದದ್ದು ಆಚೆ ಹೋಗಲೋ ಈಚೆ ಬರಲೋ ಎಂದು ಕೇಳಿದರೆ ಆ ಮನುಷ್ಯ ತಲೆ ಕೆರೆದುಕೊಂಡು ನಿಂತ. ಇಷ್ಟು ದಿನ ಬೇಡದ್ದನ್ನೆಲ್ಲ ನೋಡಿ ಊರಿಗೆ ಹಂಚಿದವನು, ಬೇಕಾದ ಒಂದನ್ನು ನೋಡದೆ ಬಂದಿದ್ದಾನೆ.

ಇಲ್ಲಿ ಐದು ಈದಿವೆ, ಏಳು ಮರಿ, ಒಂದು ಸತ್ತಿತು. ನಿನ್ನೆಯಿಂದ ಗಾಳಿ ಎದ್ದಿದೆ. ನಮ್ಮ ದೊಡ್ಡಿಯ ತಗಡು ಒಂದು ಕಡೆ ಕಿತ್ತುಬಂದಿದೆ. ತಗಡು ಬಡಿದುಕೊಂಡಾಗಲೆಲ್ಲ ಬಯಲಿನಲ್ಲಿ ಹೇಗಿರಬಹುದು ಎಂದು ಯೋಚನೆ ಬರುತ್ತದೆ, ಎದ್ದು ಹೋಗಿ ಮರಿಗಳನ್ನು ಮುಟ್ಟಿ ಬರುತ್ತೇನೆ. ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. ಅವನು ನಿನ್ನನ್ನು ಬೈಯುವುದೂ ನಿಂತಿಲ್ಲ. ನಾನು ಒಲೆಯ ಕಡೆ ತಿರುಗಿ ಕೂರುತ್ತೇನೆ.

ಎಲ್ಲಿದ್ದೀಯ ಎಂದು ಒಂದು ಸಾಲು ಬರೆ. ಬೈಗುಳ ಇದ್ದರೂ ಪರವಾಗಿಲ್ಲ, ಅದರಲ್ಲಿ ಊರಿನ ಹೆಸರಿರಲಿ ಸಾಕು.

ಅಜ್ಜಿ


ಡಿಸೆಂಬರ್ 9

ಅಜ್ಜಿ,

ಇಟ್ಟಿಗೆ ಭಟ್ಟಿಯಲ್ಲಿದ್ದೇನೆ. ಇಷ್ಟು ಹೊತ್ತಿಗೆ ಲಾರಿಯವನು ಹೇಳಿರುತ್ತಾನೆ. ವಾರದಿಂದ ಕೈಗೆ ಬಿಡುವಿರಲಿಲ್ಲ. ಇದ್ದಿದ್ದರೂ ಬರೆಯುತ್ತಿರಲಿಲ್ಲ.

ನಿನ್ನ ಪತ್ರ ಬಂದಾಗ ಹದಿನೈದು ಕುರಿ ಸೇತುವೆಯ ಆಚೆ ತುದಿ ಮುಟ್ಟಿದ್ದವು. ಲಕೋಟೆಯ ಮೇಲೆ ತಾರೀಖು ನೋಡಿದೆ. ಜುಲೈ ಎಂಟು ನಾನು ಮನೆ ಬಿಟ್ಟ ದಿನ ಎಂದು ಹೊಳೆಯಲು ಲಕೋಟೆ ಒಡೆಯಬೇಕಾಗಿರಲಿಲ್ಲ. ಮೊದಲ ಪತ್ರವನ್ನು ನಾನು ನಂಬಿರಲಿಲ್ಲ. ಈ ಪತ್ರವನ್ನು ಓದುವ ಮೊದಲೇ ನಂಬಿದೆ. ಇಷ್ಟು ಕೆಟ್ಟ ಕೆಲಸ ಇಷ್ಟು ಅಚ್ಚುಕಟ್ಟಾಗಿ ಮಾಡಲು ಬೇರೆ ಯಾರಿಗೆ ಬರುತ್ತದೆ.

ಲಾರಿಯೊಂದು ಹಿಡಿಯುವಷ್ಟೇ ಅಗಲದ ಸೇತುವೆಯ ಮೇಲೆ ನಲವತ್ತೆರಡು ಕುರಿ ಹಿಂದಕ್ಕೆ ತಿರುಗಿಸುವುದು ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ಹಿಂದಿನವು ಮುಂದಕ್ಕೆ ನುಗ್ಗಿದವು, ಮುಂದಿನವು ಕಟಕಟೆಗೆ ಒತ್ತಿದವು. ಆ ತಳ್ಳಾಟದಲ್ಲಿ ಬಿಳಿಮೂತಿ ಉಳಿದವುಗಳ ಕಾಲಡಿಗೆ ಸಿಕ್ಕಿ ಬಿತ್ತು. ಬಿದ್ದಲ್ಲೇ ನೋವು ಶುರುವಾಯಿತು. ಒಂದು ಕಾಲು ಮಾತ್ರ ಬಂದಿತ್ತು. ನೀನು ಬರೆದ ಹಾಗೆ ಒಳಗೆ ತಳ್ಳಿ ಇನ್ನೊಂದು ಹುಡುಕಿದೆ. ಮರಿ ಬದುಕಿತು. ಬಿಳಿಮೂತಿ ಸೇತುವೆಯಿಂದ ಏಳಲಿಲ್ಲ. ಅದು ಅಪ್ಪನ ಕಾಲದ ಕುರಿಯ ಮೊಮ್ಮಗಳ ಮಗಳು, ನೀನೇ ನನ್ನ ಪಾಲಿಗೆ ಹಾಕಿದ್ದೆ.

ಭಟ್ಟಿಯ ಯಜಮಾನಿ ಯಾರ ಮನೆಯವಳು ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆಯವರಿದ್ದಾರೆ. “ಓ, ಆ ಚಿತ್ತಾರದವಳ ಮೊಮ್ಮಗಳಾ ನೀನು?” ಎಂದು ನಿನ್ನನ್ನು ಚೆನ್ನಾಗಿ ಬೈದಳು. ನಾನು ಅಡ್ಡ ಮಾತಾಡಲಿಲ್ಲ, ಕೇಳಲು ಹಿತವಾಗಿತ್ತು. ಬೈದು ಮುಗಿಸಿ ಚಾವಣಿಯ ಅರ್ಧ ಬಿಟ್ಟುಕೊಟ್ಟಳು. ಇಟ್ಟಿಗೆ ಸುಡುವ ಭಟ್ಟಿಯ ಗೋಡೆ ಹೊರಗಿನಿಂದ ಅಂಗೈ ಇಟ್ಟುಕೊಳ್ಳುವಷ್ಟು ಬೆಚ್ಚಗಿರುತ್ತದೆ. ಮರಿಗಳು ಅದಕ್ಕೆ ಬೆನ್ನು ಕೊಟ್ಟು ಸಾಲಾಗಿ ಮಲಗುತ್ತವೆ. ಹದಿನಾಲ್ಕು ಈದಿವೆ, ಹದಿನೇಳು ಮರಿ, ನಾಲ್ಕು ಉಳಿಯಲಿಲ್ಲ. ಇನ್ನೂ ನಾಲ್ಕೈದು ಕುರಿ ಬಾಕಿ. ಬಯಲಿಗೆ ಇಳಿದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಇದನ್ನು ಬರೆಯಲೇಬೇಕು, ಬರೆದಿದ್ದೇನೆ.

ಇನ್ನೊಂದು ಬರೆಯಬೇಕು. ಜುಲೈಯಲ್ಲಿ ನಾನು ತರಬೇತಿಯಿಂದ ಬಂದ ದಿನ ಟಗರಿನ ಬಟ್ಟೆ ನೋಡಿದ್ದೆ. ಗಂಟಿನ ಬಾಲ ಎಡಕ್ಕೆ ಬಿದ್ದಿತ್ತು. ನಾನು ಬಲಕ್ಕೆ ಬಿಡುವವಳು. ಅವಸರದಲ್ಲಿ ನಾನೇ ತಪ್ಪಾಗಿ ಕಟ್ಟಿದೆನೇನೋ ಎಂದುಕೊಂಡು ಬಿಚ್ಚಿ ಮತ್ತೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ನಿನ್ನ ಮೊದಲ ಪತ್ರದಲ್ಲಿ ಗಂಟಿನ ಮಾತು ಓದಿದಾಗ ಎಡಕ್ಕೆ ಬಿದ್ದಿದ್ದ ಆ ಬಾಲ ನೆನಪಾಯಿತು. ಅದಕ್ಕೇ ಅಷ್ಟು ಖಾರವಾಗಿ ಬರೆದೆ, ಅದಕ್ಕೇ ಒಂದು ಕುರಿಯನ್ನೂ ಮಗುಚಿ ನೋಡಲಿಲ್ಲ. ನೋಡಿದರೆ ನನ್ನ ತಪ್ಪು ಎಂದು ಗೊತ್ತಾಗಿಬಿಡುತ್ತದೆ ಎಂಬ ಭಯ. ಕಾಲು ಮುರಿದ ಪತ್ರವನ್ನು ಕ್ಷಮಿಸಬಹುದು ಅಜ್ಜಿ. ನನ್ನ ಕೈಯ ಮೇಲೆ ನನಗೇ ಅನುಮಾನ ಬರುವ ಹಾಗೆ ಮಾಡಿದೆಯಲ್ಲ, ಅದನ್ನು ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ನೀನು ಇಲ್ಲಿಗೆ ಬರಬೇಡ. ಬರುತ್ತೀಯ, ಲಾರಿಯಲ್ಲಿ ಕ್ಯಾನುಗಳ ಮಧ್ಯೆ ಕೂತಾದರೂ ಬರುತ್ತೀಯ, ಅದಕ್ಕೇ ಹೇಳುತ್ತಿದ್ದೇನೆ. ನಾನೂ ಅಲ್ಲಿಗೆ ಬರುವುದಿಲ್ಲ. ಮರಿಗಳಿಗೆ ಕಾಲು ಗಟ್ಟಿಯಾದ ಮೇಲೆ, ಜನವರಿಯ ಕೊನೆಗೆ, ಬಯಲು ದಾಟಿ ನನ್ನ ಹುಲ್ಲುಗಾವಲಿಗೆ ಹೋಗುತ್ತೇನೆ. ಚಿಕ್ಕಪ್ಪನಿಗೆ ನನ್ನ ಗಂಟು ಸರಿ ಇತ್ತು ಎಂದು ಹೇಳು, ಒಲೆಯ ಕಡೆ ತಿರುಗಿಕೊಂಡಲ್ಲ, ನಾಲ್ಕು ಜನರ ಮುಂದೆ.

ಇನ್ನು ಬರೆಯುವುದಾದರೆ ಕುರಿಯ ವಿಷಯ ಮಾತ್ರ ಬರೆ. ಬೇರೆ ಒಂದು ಸಾಲು ಕಂಡರೂ ಓದದೆ ಭಟ್ಟಿಯ ಬೆಂಕಿಗೆ ಹಾಕುತ್ತೇನೆ.

ಕುರಿಯ ವಿಷಯ ಕೇಳಲು ಒಂದಿದೆ. ಬಿಳಿಮೂತಿಯ ಮರಿಗೆ ತಾಯಿ ಇಲ್ಲ. ಒಂಟಿಕೊಂಬಿಗೆ ಮರಿ ಇಲ್ಲ, ಅದರದು ಹುಟ್ಟುವಾಗಲೇ ಸತ್ತಿತ್ತು. ಕೆಚ್ಚಲು ತುಂಬಿ ನೋಯುತ್ತಿದೆ, ಆದರೂ ಈ ಮರಿಯನ್ನು ಹತ್ತಿರ ಬಿಡುವುದಿಲ್ಲ, ಮೂಸಿ ನೋಡಿ ಗುದ್ದುತ್ತದೆ. ಮರಿ ಬಾಟಲಿ ಹಾಲಿಗೆ ಒಗ್ಗುತ್ತಿಲ್ಲ, ದಿನದಿನಕ್ಕೆ ಸೊರಗುತ್ತಿದೆ. ಒಂಟಿಕೊಂಬಿನ ಸತ್ತ ಮರಿಯ ಚರ್ಮ ಸುಲಿದು ಇದಕ್ಕೆ ಹೊದಿಸು ಎಂದು ಇಲ್ಲಿಯ ಇಟ್ಟಿಗೆಯವರು ಹೇಳುತ್ತಾರೆ. ಸತ್ತ ಮರಿಯನ್ನು ಚಳಿಗೆ ಚಾವಣಿಯ ಹೊರಗೆ ಇಟ್ಟಿದ್ದೇನೆ, ಇನ್ನೂ ಕೆಟ್ಟಿಲ್ಲ. ಏನು ಮಾಡಲಿ?

ಕಡ್ಡಿ


ಡಿಸೆಂಬರ್ 11

ಕಡ್ಡಿ,

ಟಗರೂ ಕುರಿಯೇ, ಅದರ ಬಟ್ಟೆಯೂ ಕುರಿಯ ವಿಷಯವೇ. ಆದ್ದರಿಂದ ಮೊದಲು ಅದು. ನಿನ್ನೆ ಉಣ್ಣೆಯ ಸಾಹುಕಾರನೂ ಪಕ್ಕದವಳೂ ಲಾರಿಯವನೂ ಅಂಗಳದಲ್ಲಿದ್ದಾಗ ಚಿಕ್ಕಪ್ಪನನ್ನು ಕರೆದು ಹೇಳಿದೆ. ಗಂಟು ಸರಿ ಇತ್ತು, ಬಿಚ್ಚಿದ್ದು ನಾನು, ಹಲ್ಲಿನಿಂದ ಬಿಚ್ಚಿದೆ ಎಂದೆ. ಚಿಕ್ಕಪ್ಪ “ಏನಮ್ಮಾ ನೀನು” ಎಂದಷ್ಟೇ ಹೇಳಿ ದೊಡ್ಡಿಗೆ ಹೋದ. ಇವತ್ತಿಗೂ ನನ್ನ ಹತ್ತಿರ ಮಾತಿಲ್ಲ. ಪಕ್ಕದವಳು ಮೊದಲ ಸಲ ನಗಲಿಲ್ಲ. ಲಾರಿಯವನು ತಲೆ ತಗ್ಗಿಸಿ ಹಾಲಿನ ಕ್ಯಾನ್ ಎಣಿಸತೊಡಗಿದ. ಇದ್ದದ್ದು ಐದೇ ಕ್ಯಾನು, ಬಹಳ ಹೊತ್ತು ಎಣಿಸಿದ.

ಈಗ ಒಂಟಿಕೊಂಬು.

ಚರ್ಮ ಹೊದಿಸುವ ಉಪಾಯ ನನಗೂ ಗೊತ್ತು, ಎಷ್ಟೋ ಸಲ ಮಾಡಿದ್ದೇನೆ. ಬೇಡ. ಸತ್ತದ್ದನ್ನು ಹೂಳಿಬಿಡು. ಆ ವಾಸನೆ ಎರಡು ದಿನ ಕುರಿಯನ್ನು ನಂಬಿಸುತ್ತದೆ, ಮೂರನೇ ದಿನ ಚರ್ಮ ತೆಗೆದಾಗ ಮೋಸ ಗೊತ್ತಾಗುತ್ತದೆ. ಕೆಲವು ಸುಮ್ಮನಿರುತ್ತವೆ. ಒಂಟಿಕೊಂಬಿನಂಥ ಹಟದ ಕುರಿ ಆಮೇಲೆ ಮರಿಯನ್ನು ಗೋಡೆಗೆ ಒತ್ತಿ ಸಾಯಿಸಿದರೂ ಸಾಯಿಸಿತು. ಇರುವುದು ಇನ್ನೊಂದು ದಾರಿ, ಅದಕ್ಕೆ ದಿನ ಹಿಡಿಯುತ್ತದೆ.

ಬೆಚ್ಚಗಿನ ಗೋಡೆಗೆ ಸೇರಿಸಿ ಇಟ್ಟಿಗೆಯಿಂದಲೇ ಒಂದು ಸಣ್ಣ ಗೂಡು ಕಟ್ಟು, ಕುರಿ ತಿರುಗಲಾಗದಷ್ಟು ಚಿಕ್ಕದು, ಮಲಗಿ ಏಳುವಷ್ಟು ದೊಡ್ಡದು. ಯಜಮಾನಿಯನ್ನು ಕೇಳಿ ತೆಗೆದುಕೋ. ಕೇಳುವಾಗ ಹಳೆಯ ಗೊರಸಿನ ಗುರುತಿನ ಇಟ್ಟಿಗೆಗೆ ನಾನು ಕ್ಷಮೆ ಕೇಳಿದೆ ಎಂದು ಹೇಳು. ಅದೂ ಕುರಿ ಮಾಡಿದ ಕೆಲಸ, ಇಲ್ಲಿ ಬರೆಯಬಹುದು ಎಂದುಕೊಂಡಿದ್ದೇನೆ. ಕುರಿಯ ಮುಂದೆ ಮೇವು ನೀರು ಯಾವಾಗಲೂ ಇರಲಿ. ದಿನಕ್ಕೆ ಆರು ಸಲ ನೀನೇ ಅದರ ಪಕ್ಕೆಗೆ ಮೊಣಕಾಲು ಕೊಟ್ಟು ನಿಲ್ಲಿಸಿ, ಮರಿಯ ಬಾಯಿಗೆ ತೊಟ್ಟು ಕೊಡು. ಒದೆಯುತ್ತದೆ. ಒದೆಯಲಿ, ಹೊಡೆಯಬೇಡ. ಮಾತಾಡಿಸಿ ರಮಿಸಲೂ ಹೋಗಬೇಡ. ನಾನು ಮಾತಾಡಿ ಮಾತಾಡಿ ಎರಡು ಕುರಿಯನ್ನು ಇನ್ನೂ ರೇಗಿಸಿದ್ದೇನೆ. ಕುಡಿಸಿದ ಕೂಡಲೇ ಮರಿಯನ್ನು ಎತ್ತಿಕೊಂಡು ಹೋಗಬೇಡ, ಅದರ ಮೂಗಿಗೆ ಸಿಗುವಷ್ಟು ದೂರದಲ್ಲಿ ಬಿಡು. ಈ ಮರಿ ಕುಡಿದದ್ದು ಅದರದೇ ಹಾಲು. ಆ ಹಾಲು ಮರಿಯ ಹೊಟ್ಟೆಯೊಳಗೆ ಹಾದು ಬರಲು ಮೂರು ದಿನ ಬೇಕು. ಆಮೇಲೆ ಮರಿಯ ಬಾಲದ ಹತ್ತಿರ ಮೂಸಿದಾಗ ಕುರಿಗೆ ಅದರದೇ ವಾಸನೆ ಸಿಗುತ್ತದೆ. ಅದು ನಿಜವಾದ ವಾಸನೆ, ಯಾರೂ ಹೊದಿಸಿದ್ದಲ್ಲ.

ಮೂರನೇ ದಿನಕ್ಕೆ ಗುದ್ದುವುದು ಕಡಿಮೆಯಾಗುತ್ತದೆ. ಅಷ್ಟಕ್ಕೇ ಖುಷಿಪಟ್ಟು ಗೂಡು ತೆಗೆಯಬೇಡ. ಕೆಲವಕ್ಕೆ ಐದು ದಿನ, ಹತ್ತು ದಿನವೂ ಹಿಡಿದದ್ದುಂಟು. ಒಂದು ಕುರಿ ಹತ್ತೊಂಬತ್ತು ದಿನ ತೆಗೆದುಕೊಂಡಿತ್ತು, ನಾನೇ ನೋಡಿದ್ದೇನೆ. ಒಂದು ದಿನ ನೀನು ಹಿಡಿಯದೆಯೇ ನಿಲ್ಲುತ್ತದೆ. ಆಗ ಅದರ ಗಂಟಲಿನಿಂದ ಒಂದು ಸಣ್ಣ ಸದ್ದು ಬರುತ್ತದೆ, ಬಾಯಿ ತೆರೆಯದೆ ಒಳಗೇ ಗುರುಗುಟ್ಟಿದ ಹಾಗೆ. ತಾಯಿ ತನ್ನ ಮರಿಗೆ ಮಾತ್ರ ಮಾಡುವ ಸದ್ದು ಅದು. ಅದು ಕೇಳಿದ ಮೇಲೆ ನಿನಗೆ ಅಲ್ಲಿ ಕೆಲಸವಿಲ್ಲ, ಒಂದು ಇಟ್ಟಿಗೆ ತೆಗೆದು ಹೊರಗೆ ಬಾ.

ಅಲ್ಲಿಯ ತನಕ ಅವಸರ ಮಾಡಬೇಡ. ಅದಾಗಿ ತೆಗೆದುಕೊಳ್ಳಬೇಕು.

ಇಲ್ಲಿಯ ಹನ್ನೊಂದೂ ಈದು ಮುಗಿದವು. ಹದಿನಾಲ್ಕು ಮರಿ, ಹನ್ನೆರಡು ಉಳಿದಿವೆ. ಟಗರಿಗೆ ಅಡ್ಡಬಟ್ಟೆ ಕಟ್ಟುವ ಕೆಲಸ ಇನ್ನು ಮೇಲೆ ಚಿಕ್ಕಪ್ಪನದು. ನಾನು ದೊಡ್ಡಿಯ ಆ ಕಡೆ ಹೋಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ.

ಕುರಿಯ ವಿಷಯ ಇಷ್ಟೇ. ಬೇರೆ ಏನೂ ಬರೆದಿಲ್ಲ, ಬೇಕಾದರೆ ಮತ್ತೊಮ್ಮೆ ಓದಿ ನೋಡಿಕೋ.

ಐದನೇ ದಿನಕ್ಕೂ ಒಂಟಿಕೊಂಬು ಒದ್ದರೆ ಬರೆ. ಒದೆಯದಿದ್ದರೂ ಬರೆ. ಅದೂ ಕುರಿಯ ವಿಷಯವೇ.

ಅಜ್ಜಿ